ಗಾಜಿನ ಕಿಟಕಿಯ ಮುಂದೆ ನಮ್ಮ ಹೆಣ್ಣುಮಕ್ಕಳು



ಹೊಟೇಲಿನಲ್ಲಿ ಬಟ್ಟಲು ತೊಳೆದು ಮಗಳನ್ನು ಪದವೀಧರೆಯನ್ನಾಗಿ ಮಾಡಿದವರು, ಗಿರಣಿಯ ರಾತ್ರಿ ಪಾಳಿಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಮಕ್ಕಳಿಗೆ ಶಾಲೆಯ ಫೀ ಕಟ್ಟಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಚಿಮಣಿ ನಿಂತಿದ್ದ ಜಾಗದಲ್ಲಿ ಗಾಜಿನ ಗೋಪುರಗಳೆದ್ದವು. ಆದರೂ ನಮ್ಮವರು ಸೋಲಲಿಲ್ಲ. ಅಂಥ ಮನೆಗಳ ಬಾಗಿಲಿಗೇ ಈಗ ಅಮೇರಿಕೆಯ ವರಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಧಾರೆಯ ನೀರು ಬಿದ್ದ ಮೇಲೆ, ಹುಡುಗಿ ಗಂಡನ ಮನೆಯ ಹೊಸ್ತಿಲು ತುಳಿಯುವುದಕ್ಕೆ ಮುಂಚೆ, ನಡುವೆ ಇನ್ನೊಂದು ಹೊಸ್ತಿಲಿದೆ. ಅದರ ವಿಷಯವಾಗಿ ನಮ್ಮ ಸಭೆಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅದು ವಿದೇಶಿ ಸರಕಾರದ ಕಚೇರಿಯ ವೀಸಾ ಸಂದರ್ಶನ. ಈ ಹೊತ್ತು ನಾವು ಅದರ ವಿಷಯವನ್ನೇ ಮಾತಾಡಬೇಕೆಂದಿದ್ದೇವೆ, ಮತ್ತು ಮುಲಾಜಿಲ್ಲದೆ ಮಾತಾಡಬೇಕೆಂದಿದ್ದೇವೆ.

ಮುಂಬಯಿಯ ಅಮೇರಿಕನ್ ಕಾನ್ಸುಲೇಟು 2011ರ ನವೆಂಬರದವರೆಗೆ ಬ್ರೀಚ್ ಕ್ಯಾಂಡಿಯ ಸಮುದ್ರದ ಬದಿಯಲ್ಲಿತ್ತು. ಆ ಮೇಲೆ ಅದು ಬಾಂದ್ರಾ-ಕುರ್ಲಾ ಸಂಕುಲಕ್ಕೆ ಹೋಯಿತು. ಜಾಗ ಬದಲಾಯಿತು, ಕಟ್ಟಡ ಬದಲಾಯಿತು. ಹೊರಗೆ ಕಾದು ನಿಲ್ಲುವ ತಂದೆತಾಯಿಗಳ ಮುಖ ಮಾತ್ರ ಬದಲಾಗಲಿಲ್ಲ. ಹುಡುಗಿ ಫೈಲನ್ನು ಎದೆಗವಚಿಕೊಂಡು ಒಳಗೆ ಹೋಗಬೇಕು. ಮೊಬೈಲು ಕೂಡದು, ಚೀಲ ಕೂಡದು. ಅಪ್ಪ ರಸ್ತೆಯ ಬದಿ ನಿಂತು ಚಹಾದ ಮೇಲೆ ಚಹಾ ಕುಡಿಯುತ್ತಾನೆ. ಒಳಗೆ ಅವಳನ್ನು ಕಾದಿರುವುದು ಒಂದು ಗಾಜಿನ ಕಿಟಕಿ, ಅದರ ಹಿಂದೆ ಒಬ್ಬ ಅಧಿಕಾರಿ. ನಿಂತುಕೊಂಡೇ ಉತ್ತರ ಹೇಳಬೇಕು. ಗಂಡನ ಪರಿಚಯ ಹೇಗಾಯಿತು? ಮದುವೆಗೆ ಮುಂಚೆ ಎಷ್ಟು ಸಲ ನೋಡಿದ್ದಿ? ಮದುವೆಗೆ ಎಷ್ಟು ಜನ ಬಂದಿದ್ದರು? ಅವನಿಗೆ ಇದಕ್ಕೆ ಮೊದಲು ಮದುವೆಯಾಗಿತ್ತೆ? ಅವನ ಕೆಲಸವೇನು, ಮನೆಯಲ್ಲಿ ಇನ್ನಾರಿದ್ದಾರೆ? ಅಲ್ಲಿಗೆ ಬರುವ ಹೊತ್ತಿಗೆ ಅವಳು ಬೆರಳಚ್ಚು ಕೊಟ್ಟಿರುತ್ತಾಳೆ, ಕಚೇರಿ ಗೊತ್ತುಮಾಡಿದ ವೈದ್ಯರಲ್ಲಿ ದೇಹಪರೀಕ್ಷೆ ಮಾಡಿಸಿಕೊಂಡಿರುತ್ತಾಳೆ, ಪಾಸ್‌ಪೋರ್ಟು ಕಚೇರಿಯಿಂದ ಪೋಲೀಸು ಪತ್ರ ತಂದಿರುತ್ತಾಳೆ. ಇಷ್ಟೆಲ್ಲ ಆದ ಮೇಲೆ ಕೆಲವೇ ನಿಮಿಷಗಳ ಮಾತಿನಲ್ಲಿ ಅವಳ ಮದುವೆ ನಿಜವೋ ಸುಳ್ಳೋ ಎಂದು ತೀರ್ಮಾನವಾಗುತ್ತದೆ.

ನಾವು ಕೇಳುತ್ತೇವೆ: ನಮ್ಮಲ್ಲಿ ಮದುವೆ ನಡೆಯುವ ಕ್ರಮವೇನು? ಹಿರಿಯರು ಮಾತಾಡುತ್ತಾರೆ, ಜಾತಕ ಕೂಡಿದರೆ ಕೂಡಿತು, ಹುಡುಗ ಹದಿನೈದು ದಿವಸದ ರಜೆಯಲ್ಲಿ ಬರುತ್ತಾನೆ, ಹೆಣ್ಣು ನೋಡುತ್ತಾನೆ, ಊರಿನ ದೇವಸ್ಥಾನದ ಸಭಾಭವನದಲ್ಲಿ ಧಾರೆಯಾಗುತ್ತದೆ, ಎಂಟನೆಯ ದಿವಸ ವಿಮಾನ ಹತ್ತುತ್ತಾನೆ. ಹುಡುಗಿ ಅವನನ್ನು ಒಟ್ಟು ನೋಡಿದ್ದು ಹತ್ತು ದಿವಸ. ಅವಳ ಅಜ್ಜಿ ಅಜ್ಜನನ್ನು ಮದುವೆಗೆ ಮುಂಚೆ ಒಂದು ದಿವಸವೂ ನೋಡಿರಲಿಲ್ಲ; ಐವತ್ತು ವರ್ಷ ಸಂಸಾರ ಮಾಡಿದಳು. ಇದನ್ನು ಗಾಜಿನ ಹಿಂದಿನವನಿಗೆ ತಿಳಿಹೇಳುವವರು ಯಾರು? ಕಾಲೇಜಿನಲ್ಲಿ ಕೈಹಿಡಿದು ಓಡಾಡಿದ ಫೋಟೋ ಇದ್ದರೆ ಮದುವೆ ನಿಜ, ಹಿರಿಯರು ಕೂಡಿಸಿದ್ದಾದರೆ ಅನುಮಾನ ಎಂಬ ತಕ್ಕಡಿ ಎಲ್ಲಿಯದು? ಆ ದೇಶದ ಅಧಿಕಾರಿಗಳಿಗೆ ನಮ್ಮ ಪದ್ಧತಿಯ ತಿಳಿವಳಿಕೆ ಇಲ್ಲವೆಂದಲ್ಲ. ಬಹಳ ಮಂದಿ ಸಭ್ಯರೂ ಹೌದು, ನಗುನಗುತ್ತ ಶುಭ ಹಾರೈಸಿ ಕಳಿಸಿದವರೂ ಉಂಟು. ಆದರೆ ಸಭ್ಯತೆ ಅಧಿಕಾರಿಯ ಗುಣ, ಹುಡುಗಿಯ ಹಕ್ಕಲ್ಲ. ನಮ್ಮ ತಕರಾರು ಅದರ ಮೇಲೆ.

ಯಾರಾದರೂ ಹೀಗೆನ್ನಬಹುದು: ತನ್ನ ಬಾಗಿಲು ಕಾಯುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಇದೆ, ಸುಳ್ಳು ಮದುವೆ ಮಾಡಿಕೊಂಡು ನುಗ್ಗುವವರೂ ಇದ್ದಾರೆ. ಒಪ್ಪಿದೆವು. ಅದಕ್ಕಾಗಿಯೇ ಅಮೇರಿಕೆ 1986ರಲ್ಲಿ ಒಂದು ಕಾಯಿದೆ ಮಾಡಿ, ಎರಡು ವರ್ಷ ತುಂಬದ ಮದುವೆಯ ಮೇಲೆ ಬಂದವರಿಗೆ ಎರಡು ವರ್ಷದ ಷರತ್ತಿನ ಕಾರ್ಡನ್ನು ಮಾತ್ರ ಕೊಡುವ ಏರ್ಪಾಡು ಮಾಡಿತು. ಗಂಡ ಸಲ್ಲಿಸಿದ ಅರ್ಜಿಯನ್ನು ಅಲ್ಲಿಯ ವಲಸೆ ಇಲಾಖೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಮೇಲೂ, ಕೂತು ನೋಡಿ ಮಂಜೂರು ಮಾಡಿರುತ್ತದೆ. ಮಂಜೂರಾದ ಅರ್ಜಿಯನ್ನು ಮೇಲ್ನೋಟಕ್ಕೆ ನಿಜವೆಂದೇ ಹಿಡಿಯತಕ್ಕದ್ದು, ಹೊಸ ಸಂಗತಿ ಹೊರಬೀಳದೆ ಅದನ್ನು ಮತ್ತೆ ಮೊದಲಿನಿಂದ ವಿಚಾರಣೆ ಮಾಡಕೂಡದು ಎಂದು ಅವರ ಸ್ವಂತ ಕೈಪಿಡಿಯೇ ಹೇಳುತ್ತದೆ. ಹೋದ ಮೇಲೂ ಎರಡು ವರ್ಷದ ಪರೀಕ್ಷೆ ಇದ್ದೇ ಇದೆ. ಹಿಂದೆ ಒಂದು ಜರಡಿ, ಮುಂದೆ ಒಂದು ಜರಡಿ ಇರುವಾಗ ನಡುವೆ ಇಪ್ಪತ್ತೆರಡರ ಹುಡುಗಿಯನ್ನು ನಿಲ್ಲಿಸಿ ಅವಳ ನಾಚಿಕೆಯನ್ನೇ ಸುಳ್ಳಿನ ಗುರುತೆಂದು ಓದಬೇಕೆ?

ಎಲ್ಲಕ್ಕಿಂತ ಕಠಿಣವಾದ ಮಾತು ಇನ್ನೊಂದಿದೆ. ಹೊಟೇಲಿನ ಧಣಿ ಕೆಲಸದಿಂದ ತೆಗೆದರೆ ನಾವು ಲೇಬರ್ ಕಮಿಷನರರ ಬಳಿ ಹೋಗಬಹುದು, ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. ಕಾರಣವೇನೆಂದು ಕೇಳುವ ಹಕ್ಕು ಒಬ್ಬ ಕ್ಲೀನರನಿಗೂ ಉಂಟು. ಆದರೆ ಕಾನ್ಸುಲೇಟಿನ ಅಧಿಕಾರಿ ವೀಸಾ ನಿರಾಕರಿಸಿದರೆ ಅದರ ಮೇಲೆ ಅಲ್ಲಿಯ ನ್ಯಾಯಾಲಯಗಳು ಬಹುಮಟ್ಟಿಗೆ ಕೈಯಿಡುವುದಿಲ್ಲ. 2015ರಲ್ಲಿ ಫೌಜಿಯಾ ದೀನ್ ಎಂಬ ಅಮೇರಿಕನ್ ಪ್ರಜೆ ತನ್ನ ಅಫಘಾನ ಗಂಡನಿಗೆ ವೀಸಾ ಕೊಡದ ಕಾರಣವನ್ನು ಕೇಳಿ ಅವರ ಸುಪ್ರೀಮ್ ಕೋರ್ಟಿನವರೆಗೆ ಹೋಗಿ ಸೋತಳು. 2024ರ ಜೂನ್ ತಿಂಗಳಲ್ಲಿ ಸಾಂಡ್ರಾ ಮುನ್ಯೋಸ್ ಎಂಬಾಕೆಯ ಪ್ರಕರಣ ಬಂತು. ಆಕೆಯೂ ಅಮೇರಿಕನ್ ಪ್ರಜೆ, ಗಂಡ ಎಲ್ ಸಾಲ್ವದೋರಿನವ. ಅವನ ಮೈಮೇಲಿನ ಹಚ್ಚೆಯನ್ನು ನೋಡಿ ಅನುಮಾನಪಟ್ಟರೆಂದು ಆ ದಂಪತಿಗಳು ತಿಳಿದರು. ವಿದೇಶಿ ಗಂಡನನ್ನು ದೇಶದೊಳಗೆ ಸೇರಿಸಿಕೊಳ್ಳಬೇಕೆಂಬ ಮೂಲಭೂತ ಹಕ್ಕು ಹೆಂಡತಿಗೆ ಇಲ್ಲವೆಂದು ಐದು ಮಂದಿ ನ್ಯಾಯಾಧೀಶರು ಹೇಳಿದರು, ಮೂವರು ಒಪ್ಪಲಿಲ್ಲ. ಸ್ವಂತ ಪ್ರಜೆಗೇ ಈ ಉತ್ತರವಾದ ಮೇಲೆ ಮಾಟುಂಗದ ಖೋಲಿಯಲ್ಲಿ ಕೂತಿರುವ ನಮ್ಮ ಹುಡುಗಿಯ ಗತಿಯೇನು? ಗಂಡ ಹೊಸದಾಗಿ ಅರ್ಜಿ ಹಾಕಬಹುದು, ಹೆಚ್ಚಿನ ಪುರಾವೆ ಕೊಡಬಹುದು. ಅದಕ್ಕೆ ಮತ್ತೆ ಶುಲ್ಕ, ಮತ್ತೆ ಕಾಲ. ಅತ್ತ ಗಂಡನ ಮನೆಯಿಲ್ಲ, ಇತ್ತ ತವರಿನಲ್ಲಿ ನೆರೆಹೊರೆಯವರ ಪ್ರಶ್ನೆ ನಿಲ್ಲುವುದಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ಚಾಳಿಯಲ್ಲ. ಸಾನ್‌ಫ್ರಾನ್ಸಿಸ್ಕೋದ ಬಳಿಯ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ಚೀನೀ ಹೆಂಗಸರನ್ನು ಕೂಡಿಹಾಕಿ, ನಿನ್ನ ಹಳ್ಳಿಯಲ್ಲಿ ಎಷ್ಟು ಮನೆ, ಮನೆಗೆ ಎಷ್ಟು ಮೆಟ್ಟಿಲು ಎಂದು ಕೇಳುತ್ತಿದ್ದರು. ಅದೇ ಪ್ರಶ್ನೆಯನ್ನು ಗಂಡನಿಗೂ ಬೇರೆಯಾಗಿ ಕೇಳಿ, ಉತ್ತರ ಕೂಡದಿದ್ದರೆ ಹಡಗು ಹತ್ತಿಸುತ್ತಿದ್ದರು. ನಮ್ಮ ದೇಶದವರಿಗಂತೂ 1917ರ ಕಾಯಿದೆಯಿಂದ ಬಾಗಿಲೇ ಮುಚ್ಚಿತು. ಕ್ಯಾಲಿಫೋರ್ನಿಯದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿನವರು ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲಾಗದೆ, ಅನೇಕರು ಅಲ್ಲಿಯ ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ನೆಲೆಸಿದರು. 1946ರಲ್ಲಿ ಬಾಗಿಲು ಒಂದಿಷ್ಟು ತೆರೆದಾಗ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಲೆಕ್ಕ. 1965ರ ಕಾಯಿದೆ ಬಂದ ಮೇಲೆಯೇ ಈಗಿನ ದಾರಿಯಾದದ್ದು.

ಇಂಗ್ಲೆಂಡಿನ ಕತೆ ಇನ್ನೂ ನಾಚಿಕೆಗೇಡು. 1979ರ ಜನವರಿ 24ರಂದು ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ, ಮದುವೆಯಾಗಲು ಬಂದಿಳಿದ ನಮ್ಮ ದೇಶದ 35 ವರ್ಷದ ಶಿಕ್ಷಕಿಯೊಬ್ಬಳನ್ನು, ಕನ್ಯೆ ಹೌದೋ ಅಲ್ಲವೋ ಎಂದು ದೇಹಪರೀಕ್ಷೆಗೆ ಒಳಪಡಿಸಿದರು. ಗಲಾಟೆಯೆದ್ದ ಮೇಲೆ ಅದನ್ನು ನಿಲ್ಲಿಸಿದರು. ಒಂದೋ ಎರಡೋ ಪ್ರಕರಣವೆಂದು ಆಗ ಹೇಳಿದ್ದು ಸುಳ್ಳೆಂದು, ಇಂಥ ಪರೀಕ್ಷೆಗೆ ಒಳಗಾದವರು ಕನಿಷ್ಠ 80 ಮಂದಿಯೆಂದು 2011ರಲ್ಲಿ ಅವರದೇ ಹಳೆಯ ಸರಕಾರಿ ಕಾಗದಗಳಿಂದ ಹೊರಬಿತ್ತು. ಮರು ವರ್ಷ 1980ರಲ್ಲಿ ಇನ್ನೊಂದು ನಿಯಮ ತಂದರು: ಮದುವೆಯ ಮುಖ್ಯ ಉದ್ದೇಶ ಇಂಗ್ಲೆಂಡಿನಲ್ಲಿ ನೆಲೆಸುವುದಲ್ಲವೆಂದು ಬರುವವನೇ ಸಾಬೀತುಮಾಡಬೇಕು. ಇಲ್ಲದ್ದನ್ನು ಇಲ್ಲವೆಂದು ಯಾರು ಹೇಗೆ ಸಾಬೀತುಮಾಡುವುದು? ಆ ನಿಯಮ 1997ರ ಜೂನಿನಲ್ಲಿ ರದ್ದಾಗುವುದರೊಳಗೆ ಎಷ್ಟೋ ದಂಪತಿಗಳು ಸಮುದ್ರದ ಆಚೆಗೊಬ್ಬರು ಈಚೆಗೊಬ್ಬರಾಗಿ ಕಳೆದರು.

ಈಗ ಅಂಥ ಅನಾಗರಿಕ ಪರೀಕ್ಷೆಗಳಿಲ್ಲ. ಅವುಗಳ ಜಾಗದಲ್ಲಿ ಸಂಬಳದ ಚೀಟಿ ಬಂದಿದೆ. ಇದನ್ನು ಕಾರ್ಮಿಕರಾದ ನಾವು ಬೇರೆಯವರಿಗಿಂತ ಚೆನ್ನಾಗಿ ತಿಳಿಯಬೇಕು. ಇಂಗ್ಲೆಂಡಿನಲ್ಲಿ 2012ರ ಜುಲೈಯಲ್ಲಿ, ವರ್ಷಕ್ಕೆ 18,600 ಪೌಂಡು ಸಂಪಾದಿಸದವನು ಹೊರಗಿನ ಹೆಂಡತಿಯನ್ನು ಕರೆಸಕೂಡದೆಂದು ಮಾಡಿದರು. 2024ರ ಏಪ್ರಿಲ್ 11ರಂದು ಅದನ್ನೇ 29,000ಕ್ಕೆ ಏರಿಸಿದರು. ಅಮೇರಿಕೆಯಲ್ಲಿ ಗಂಡ ಬಡತನದ ರೇಖೆಯ ಮೇಲೆ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚು ಆದಾಯ ತೋರಿಸಿ ಜಾಮೀನು ಪತ್ರಕ್ಕೆ ರುಜು ಹಾಕಬೇಕು. ಸಾಲದಿದ್ದರೆ ಇನ್ನೊಬ್ಬ ಜಾಮೀನುದಾರನನ್ನು ಹುಡುಕಬೇಕು. ದುಬೈಯಲ್ಲಂತೂ ಸಂದರ್ಶನದ ನಾಟಕವೇ ಇಲ್ಲ. 2019ರ ನಿಯಮದಂತೆ ತಿಂಗಳಿಗೆ 4,000 ದಿರ್‍ಹಮ್, ಅಥವಾ 3,000 ಮತ್ತು ವಸತಿ ಇದ್ದವನು ಹೆಂಡತಿಯನ್ನು ತರಬಹುದು, ಇಲ್ಲದವನು ತರಕೂಡದು. ಅಲ್ಲಿಯ ಹೊಟೇಲಿನಲ್ಲಿ ಎಂಟು ಜನರ ಕೋಣೆಯಲ್ಲಿ ಮಲಗುವ ನಮ್ಮ ವೇಟರ್ ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಮಗುವಿನ ಮುಖ ನೋಡಿ ಹೋಗುತ್ತಾನೆ. ಅವನ ಮದುವೆ ನಿಜವೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅವಶ್ಯವೇ ಬೀಳಲಿಲ್ಲ. ಮ್ಯಾನೇಜರನ ಹೆಂಡತಿ ಬರಬಹುದು, ಭಟ್ಟಿಯ ಮುಂದೆ ನಿಂತವನ ಹೆಂಡತಿ ಬರಕೂಡದು. ಲಂಡನ್ನಾಗಲಿ ದುಬೈಯಾಗಲಿ, ಹಣೆಪಟ್ಟಿ ಬೇರೆ, ಒಳಗಿನ ಲೆಕ್ಕ ಒಂದೇ.

ಹೊರಗಿನವರ ಮಾತು ಸಾಕು. ಈಗ ನಮ್ಮ ನಡುವೆಯೇ ಹುಟ್ಟಿಕೊಂಡಿರುವ ಒಂದು ಜಾತಿಯ ವಿಷಯಕ್ಕೆ ಬರೋಣ: ವೀಸಾ ದಲ್ಲಾಳಿ. ಇವನ ಕಚೇರಿಯಲ್ಲಿ ಅಮೇರಿಕೆಯ ಬಾವುಟ, ಕೈಯಲ್ಲಿ ನಾಲ್ಕು ಉಂಗುರ. ಹುಡುಗಿಯನ್ನು ಕೂರಿಸಿ ಇಂಗ್ಲಿಷಿನಲ್ಲಿ ಐವತ್ತು ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತಾನೆ. ಇಂಗ್ಲಿಷು ಬಾರದಿದ್ದರೆ ವೀಸಾ ಇಲ್ಲವೆಂದು ಹೆದರಿಸುತ್ತಾನೆ. ಇದು ಶುದ್ಧ ಸುಳ್ಳು. ಇಂಗ್ಲೆಂಡಿಗೆ ಹೋಗುವ ಹೆಂಡತಿಗೆ 2010ರ ನವೆಂಬರದಿಂದ ಇಂಗ್ಲಿಷ್ ಪರೀಕ್ಷೆಯುಂಟು. ಅಮೇರಿಕೆಗೆ ಹೋಗುವ ಹೆಂಡತಿಗೆ ಅಂಥ ಪರೀಕ್ಷೆಯೇ ಇಲ್ಲ. ತನಗೆ ತಿಳಿಯದ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿರೆಂದು ಕೇಳಲು, ದುಭಾಷಿ ಬೇಕೆಂದು ಕೇಳಲು ಹುಡುಗಿ ಹಿಂಜರಿಯಬೇಕಾಗಿಲ್ಲ. ಬಾಯಿಪಾಠದ ಉತ್ತರ ಗಾಜಿನ ಹಿಂದಿನವನಿಗೆ ಎರಡನೆಯ ವಾಕ್ಯಕ್ಕೇ ಗೊತ್ತಾಗುತ್ತದೆ. ಅವನು ದಿವಸಕ್ಕೆ ಎಷ್ಟು ಮಂದಿಯನ್ನು ಕಂಡವನು!

ದಲ್ಲಾಳಿ ಇಷ್ಟಕ್ಕೇ ನಿಲ್ಲುವುದಿಲ್ಲ. ಮೊದಲಿನ ಸಂಬಂಧ ಮುರಿದದ್ದನ್ನು ಹೇಳಬೇಡ, ಗಂಡನನ್ನು ನಾಲ್ಕು ವರ್ಷದಿಂದ ಬಲ್ಲೆನೆಂದು ಹೇಳು, ಇಲ್ಲದ ನಿಶ್ಚಿತಾರ್ಥದ ಫೋಟೋ ತೆಗೆಸು ಎನ್ನುತ್ತಾನೆ. ಬಂಧುಗಳೇ, ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ವೀಸಾಕ್ಕಾಗಿ ಮುಖ್ಯ ಸಂಗತಿಯಲ್ಲಿ ಸುಳ್ಳು ಹೇಳಿದ್ದು ಗೊತ್ತಾದರೆ ಅಮೇರಿಕೆಯ ಕಾಯಿದೆಯಂತೆ ಆ ಬಾಗಿಲು ಜೀವಮಾನವಿಡೀ ಮುಚ್ಚಬಹುದು. ತೆರೆಯಬೇಕಾದರೆ ಕ್ಷಮೆಯ ಬೇರೆ ಅರ್ಜಿ ಹಾಕಿ ಗಂಡನಿಗಾಗುವ ವಿಪರೀತ ಕಷ್ಟವನ್ನು ರುಜುವಾತುಪಡಿಸಬೇಕು. ನಿಜವಾದ ಮದುವೆಯ ಸುತ್ತ ಸುಳ್ಳಿನ ಬೇಲಿ ಕಟ್ಟಿ, ಮದುವೆಯನ್ನೇ ಸುಳ್ಳಾಗಿಸುವವನು ಈ ದಲ್ಲಾಳಿ. ಮುಳುಗುವುದು ಹುಡುಗಿ, ಅವನ ಫೀ ಮುಂಚಿತವಾಗಿಯೇ ಬಂದಿರುತ್ತದೆ. ಅರ್ಜಿಗಳ ಫಾರಮು ಸರಕಾರದ ಅಂತರ್ಜಾಲ ಪುಟದಲ್ಲಿ ಪುಕ್ಕಟೆ ಸಿಗುತ್ತದೆ. ಶುಲ್ಕದ ಪಟ್ಟಿಯೂ ಅಲ್ಲೇ ಇದೆ. ಅದನ್ನು ಓದಬಲ್ಲ ಮಕ್ಕಳು ನಮ್ಮ ಪ್ರತಿಯೊಂದು ಚಾಳಿನಲ್ಲಿ ಇದ್ದಾರೆ. ಹಾಗಿದ್ದೂ ಪ್ರಾವಿಡೆಂಟ್ ಫಂಡಿನಿಂದ ತೆಗೆದ ದುಡ್ಡನ್ನು ಈ ಉಂಗುರದ ಕೈಗೆ ಸುರಿಯುವುದೇಕೆ?

ಇನ್ನು ಕಾಗದಪತ್ರದ ಗೋಜಲು. ಇದರಲ್ಲಿ ತಪ್ಪು ಯಾರದೆಂದು ಹೇಳುವುದೇ ಕಷ್ಟ. ಊರಿನ ಶಾಲೆಯಲ್ಲಿ ಹುಡುಗಿಯ ಹೆಸರಿನ ಹಿಂದೆ ಒಂದಕ್ಷರ. ಮುಂಬಯಿಯ ಶಾಲೆಗೆ ಬಂದರೆ ನಡುವೆ ಅಪ್ಪನ ಹೆಸರು, ಕೊನೆಗೆ ಕುಲನಾಮ. ಮದುವೆಯಾದರೆ ಇಲ್ಲಿಯ ರೂಢಿಯಂತೆ ಅಪ್ಪನ ಹೆಸರು ಹೋಗಿ ಗಂಡನ ಹೆಸರು ನಡುವೆ ಬರಬೇಕು. ಅಳಿಯಕಟ್ಟಿನ ಮನೆಯವಳಾದರೆ ಬಳಿ ತಾಯಿಯ ಕಡೆಯದು. ಅಪ್ಪನ ಕುಲನಾಮ ಒಂದು, ಮಗಳದು ಇನ್ನೊಂದು ಆಗಿರುವುದೂ ಉಂಟು. ರೇಶನ್ ಕಾರ್ಡಿನಲ್ಲಿ ಗುಮಾಸ್ತ ಬರೆದದ್ದೇ ಹೆಸರು. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಬಿಟ್ಟವರಿಗೆ ಅಮೇರಿಕೆಯವರು ವೀಸಾದಲ್ಲಿ ‘ಎಫ್.ಎನ್.ಯು.’ ಎಂದು ಮೂರಕ್ಷರ ಸೇರಿಸುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ತೊಟ್ಟಿಲಲ್ಲಿ ಕಿವಿಯ ಬಳಿ ಮೂರು ಸಲ ಕೂಗಿ ಇಟ್ಟ ಹೆಸರು ಇವರಿಗೆ ಗೊತ್ತಿಲ್ಲವಂತೆ! ಅಲ್ಲಿ ಹೋದ ಮೇಲೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅವಳನ್ನು ‘ಫ್ನು’ ಎಂದು ಕರೆದರೂ ಆಶ್ಚರ್ಯವಿಲ್ಲ. ನಗುವ ಮಾತಲ್ಲ ಇದು. ಒಂದು ಕಾಗದದ ಹೆಸರು ಇನ್ನೊಂದಕ್ಕೆ ಕೂಡದಿದ್ದರೆ ಕಿಟಕಿಯಲ್ಲಿ ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ಅದರ ಮೇಲೆ 221(ಜಿ) ಎಂಬ ಕಲಮಿನ ಹೆಸರಿರುತ್ತದೆ. ಕಾಗದ ತಂದುಕೊಡುವವರೆಗೆ ನಿರಾಕರಣೆಯೆಂದೇ ಅದರ ಲೆಕ್ಕ. ಅದು ವಾರದಲ್ಲಿ ಮುಗಿಯಬಹುದು, ತಿಂಗಳುಗಟ್ಟಲೆ ಎಳೆಯಬಹುದು.

ಮದುವೆ ನೋಂದಾಯಿಸುವ ವಿಷಯದಲ್ಲಿ ನಮ್ಮವರ ಉದಾಸೀನ ಕಂಡರೆ ಸಿಟ್ಟು ಬರುತ್ತದೆ. 2006ರ ಫೆಬ್ರವರಿ 14ರಂದು ನಮ್ಮ ಸುಪ್ರೀಮ್ ಕೋರ್ಟು ಎಲ್ಲ ಮದುವೆಗಳ ನೋಂದಣಿಯನ್ನು ಕಡ್ಡಾಯಮಾಡಬೇಕೆಂದು ರಾಜ್ಯಗಳಿಗೆ ಅಪ್ಪಣೆ ಕೊಟ್ಟಿತು. ಕರ್ನಾಟಕದಲ್ಲಿ 1976ರ ಕಾಯಿದೆಯೂ ಮಹಾರಾಷ್ಟ್ರದಲ್ಲಿ 1998ರ ಕಾಯಿದೆಯೂ ಇವೆ. ಆದರೂ ಊರಿನಲ್ಲಿ ಧಾರೆ ಮುಗಿಸಿ, ಸಮ್ಮಾನದ ಊಟ ಉಂಡು, ಮತ್ಸ್ಯಗಂಧ ರೈಲು ಹತ್ತಿ ಬಂದುಬಿಡುತ್ತಾರೆ. ಅಳಿಯ ವಿಮಾನ ಹತ್ತುತ್ತಾನೆ. ಆ ಮೇಲೆ ಸರ್ಟಿಫಿಕೇಟು ಬೇಕೆಂದಾಗ ಅವನು ಸಮುದ್ರದಾಚೆ, ಪುರೋಹಿತರು ಇನ್ನೊಂದೂರಿನಲ್ಲಿ, ಸಾಕ್ಷಿಗಳು ಮೂರು ದಿಕ್ಕಿಗೆ. ಸಾವಿರ ಜನರಿಗೆ ಊಟ ಹಾಕಲು ಮೂರು ದಿವಸ ಸಿಗುತ್ತದೆ. ಸಬ್‌ರಿಜಿಸ್ಟ್ರಾರರ ಕಚೇರಿಗೆ ಹೋಗಲು ಅರ್ಧ ದಿವಸ ಸಿಗುವುದಿಲ್ಲವೆ?

ವರನ ಕಾಗದಗಳನ್ನು ಕೇಳಲು ನಮ್ಮವರಿಗೆ ಸಂಕೋಚ. ಇದು ಎಂಥ ಸಂಕೋಚ? ಅಮೇರಿಕೆಯಲ್ಲಿದ್ದಾನೆ ಎಂಬ ಒಂದೇ ಮಾತಿಗೆ ಮೂರು ಬೇರೆ ಅರ್ಥಗಳಿವೆ. ಅವನು ಅಲ್ಲಿಯ ಪ್ರಜೆಯಾಗಿದ್ದರೆ ಹೆಂಡತಿಯ ವೀಸಾಕ್ಕೆ ವಾರ್ಷಿಕ ಸಂಖ್ಯೆಯ ಮಿತಿಯಿಲ್ಲ. ಗ್ರೀನ್ ಕಾರ್ಡಿನವನಾಗಿದ್ದರೆ ಮಿತಿಯುಂಟು, ಸಾಲುಂಟು, ಆ ಸಾಲು ಒಂದು ವರ್ಷ ಓಡುತ್ತದೆ, ಇನ್ನೊಂದು ವರ್ಷ ತೆವಳುತ್ತದೆ. ಕೆಲಸದ ಮೇಲೆ ಹೋದ ಎಚ್-1ಬಿಯವನಾಗಿದ್ದರೆ ಹೆಂಡತಿಗೆ ಸಿಗುವುದು ಅವನ ನೌಕರಿಗೆ ಕಟ್ಟಿದ ಎಚ್-4. ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ಮುಟ್ಟದೆ ಅವಳು ಅಲ್ಲಿ ದುಡಿಯಕೂಡದು. ಆ ಅವಕಾಶವೂ ಬಂದದ್ದು 2015ರ ಮೇ 26ರಿಂದ. ಎಂ.ಎಸ್‌ಸಿ. ಓದಿದ ಹುಡುಗಿ ನಾಲ್ಕು ಗೋಡೆಯ ನಡುವೆ ಕೂತ ಕತೆಗಳು ನಮಗೆ ಹೊಸತಲ್ಲ. ಯಾವ ವೀಸಾ, ಎಂದಿನವರೆಗೆ, ಮೊದಲಿನ ಮದುವೆಯಾಗಿದ್ದರೆ ಬಿಡುಗಡೆಯ ತೀರ್ಪೆಲ್ಲಿ: ಇಷ್ಟನ್ನು ಕೇಳದೆ, ಹುಡುಗನಿಗೆ ಕಾರು ಉಂಟಂತೆ ಎಂದು ಕೇಳಿ ಬಂಗಾರ ಒತ್ತೆಯಿಡುವವರು ಯಾವ ಬಾಯಲ್ಲಿ ಕಾನ್ಸುಲೇಟನ್ನು ಬೈಯುವುದು? ವರದಕ್ಷಿಣೆಯನ್ನು 1961ರಲ್ಲೇ ಕಾಯಿದೆ ನಿಷೇಧಿಸಿದೆ. ಆದರೆ ಡಾಲರಿನ ವರನಿಗೆ ಕೊಟ್ಟದ್ದನ್ನು ನಮ್ಮವರು ವರದಕ್ಷಿಣೆಯೆನ್ನುವುದಿಲ್ಲ, ಉಡುಗೊರೆಯೆನ್ನುತ್ತಾರೆ. ಹೊರದೇಶದ ವರರು ಹುಡುಗಿಯರನ್ನು ಬಿಟ್ಟುಹೋಗುವುದನ್ನು ತಡೆಯಲು 2019ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು; ಕಾನೂನು ಆಯೋಗವೂ 2024ರ ಫೆಬ್ರವರಿಯಲ್ಲಿ ತನ್ನ 287ನೆಯ ವರದಿಯಲ್ಲಿ ಸಮಗ್ರ ಕಾಯಿದೆ ಬೇಕೆಂದಿತು. ದಿಲ್ಲಿಯ ಗಾಡಿ ನಿಧಾನ. ಅದು ಬರುವವರೆಗೆ ಕೇಳಬೇಕಾದ್ದನ್ನು ನಾವೇ ಕೇಳಬೇಕು.

ಷರತ್ತಿನ ಕಾರ್ಡಿನ ವಿಷಯದಲ್ಲಿ ಇನ್ನೊಂದು ಮಾತನ್ನು ಪ್ರತಿಯೊಬ್ಬ ತಾಯಿಯೂ ಮಗಳ ಕಿವಿಗೆ ಹಾಕಬೇಕು. ಎರಡು ವರ್ಷ ಮುಗಿಯುವ ಹಿಂದಿನ 90 ದಿವಸಗಳಲ್ಲಿ ಗಂಡ ಹೆಂಡತಿ ಕೂಡಿ ಅರ್ಜಿ ಹಾಕಿ ಷರತ್ತನ್ನು ತೆಗೆಸಬೇಕು. ಇದನ್ನೇ ಹಿಡಿದು, ‘ನಾನು ರುಜು ಹಾಕದಿದ್ದರೆ ನಿನ್ನನ್ನು ಅಟ್ಟುತ್ತಾರೆ’ ಎಂದು ಹೆದರಿಸಿ ಹೊಡೆಯುವ ಗಂಡಂದಿರಿದ್ದಾರೆ. ಹೊಡೆತ ತಿಂದವಳು, ಕ್ರೌರ್ಯ ಸಹಿಸಿದವಳು, ಪ್ರಾಮಾಣಿಕವಾಗಿ ಮದುವೆಯಾಗಿ ಆ ಮೇಲೆ ವಿಚ್ಛೇದನವಾದವಳು ಗಂಡನ ರುಜುವಿಲ್ಲದೆ ತಾನೊಬ್ಬಳೇ ಅರ್ಜಿ ಹಾಕಬಹುದೆಂದು ಅಲ್ಲಿಯ ಕಾಯಿದೆಯಲ್ಲೇ ಇದೆ. ದಲ್ಲಾಳಿಯ ಐವತ್ತು ಉತ್ತರಗಳಲ್ಲಿ ಇದೊಂದು ಇರುವುದಿಲ್ಲ.

ನಮ್ಮ ಹಿರಿಯರು ಈ ನಗರದಲ್ಲಿ ರಾತ್ರಿ ಶಾಲೆಗಳನ್ನು ತೆರೆದಾಗ ಹೊಟೇಲು ಹುಡುಗರಿಗೆ ಅಕ್ಷರ ಏಕೆಂದು ನಕ್ಕವರಿದ್ದರು. ಹಗಲು ಟೇಬಲು ಒರೆಸಿ ರಾತ್ರಿ ಓದಿದವರು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ಅಂಥ ವಕೀಲರಲ್ಲಿ ನಾಲ್ಕು ಮಂದಿ ತಿಂಗಳಿಗೆ ಒಂದು ಭಾನುವಾರ ನಮಗೆ ಕೊಡಲಾರರೆ? ಸಂಘದ ಕಚೇರಿಯಲ್ಲಿ ಒಂದು ಮೇಜು, ಎರಡು ಕುರ್ಚಿ ಸಾಕು. ಅಲ್ಲಿ ಯಾರಿಗೂ ಉತ್ತರ ಹೇಳಿಕೊಡಬೇಕಾಗಿಲ್ಲ. ಗಂಡ ಹಾಕಿದ ಅರ್ಜಿಯ ಪ್ರತಿಯನ್ನು ಹುಡುಗಿಗೆ ಕನ್ನಡದಲ್ಲಿ ಓದಿಹೇಳಬೇಕು. ಎಷ್ಟೋ ಹುಡುಗಿಯರು ತಮ್ಮ ಹೆಸರಿನಲ್ಲಿ ಏನು ಬರೆದಿದೆಯೆಂದು ಒಮ್ಮೆಯೂ ನೋಡದೆ ಕಿಟಕಿಯ ಮುಂದೆ ನಿಲ್ಲುತ್ತಾರೆ. ಹೆಸರುಗಳು ಕೂಡುತ್ತವೆಯೆ ನೋಡಬೇಕು, ಕೂಡದಿದ್ದರೆ ಪ್ರಮಾಣಪತ್ರವೋ ಗೆಜೆಟ್ಟೋ ಏನು ಬೇಕೆಂದು ಹೇಳಬೇಕು. ನೋಂದಣಿಯಾಗದ ಮದುವೆಗಳನ್ನು ನೋಂದಾಯಿಸಬೇಕು. ಮುಂದಿನ ಮಹಾಸಭೆಯ ಕಾರ್ಯಕ್ರಮ ಪಟ್ಟಿಯಲ್ಲಿ ಸನ್ಮಾನಗಳಿವೆ, ಯಕ್ಷಗಾನವಿದೆ, ಲಕ್ಕಿ ಡಿಪ್ಪೂ ಇದೆ. ಈ ಮೇಜಿನ ವಿಷಯವನ್ನೂ ಅದರಲ್ಲಿ ಸೇರಿಸಬೇಕೆಂದು ಕಾರ್ಯದರ್ಶಿಗಳಲ್ಲಿ ನಮ್ಮ ಒತ್ತಾಯ. ಸದಸ್ಯರು ಹತ್ತು ಜನ ರುಜು ಹಾಕಿ ಕೊಟ್ಟರೆ ಅವರು ಇಲ್ಲವೆನ್ನಲಾರರು.